ಹ್ಯಾಂಗ್ ಆಗದ ಸಾಫ್ಟ್‌ವೇರ್

ಸುಳ್ಳು ಹೇಳಬೇಕೆಂದು ಅವಳು ಬಾಯಿ ತೆರೆದಿರಲಿಲ್ಲ. "ಚೆನ್ನಾಗಿದೆ, ತುಂಬಾ ಥ್ಯಾಂಕ್ಸ್" ಎನ್ನಲೆಂದೇ ತೆರೆದದ್ದು. ಆದರೆ ಮೇಲಿನ ಮನೆಯ ಮೇಷ್ಟ್ರು ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು, ಒಂದು ಕಾಲನ್ನು ಆಗಲೇ ಮುಂದಿನ ಮೆಟ್ಟಿಲ ಮೇಲಿಟ್ಟು, "ಸಾಫ್ಟ್‌ವೇರ್ ಹೇಗಿದೆ? ತೊಂದರೆ ಏನಿಲ್ಲ ತಾನೆ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಇನ್ನೊಂದು ಕಾಲೂ ಮೇಲೆ ಹೋಗುತ್ತದೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ.

"ಆಗಾಗ ಹ್ಯಾಂಗ್ ಆಗುತ್ತೆ," ಎಂದುಬಿಟ್ಟಳು.

ಮೇಲಿಟ್ಟ ಕಾಲು ಕೆಳಗೆ ಬಂತು.

"ಹ್ಯಾಂಗಾ? ಅದಾ? ಅದು ಹ್ಯಾಂಗ್ ಆಗೋ ಜಾತಿಯದೇ ಅಲ್ವಲ್ಲ ರೀ!"

"ಫೋಟೋ ಕತ್ತರಿಸೋವಾಗ... ಹಾಗೇ ನಿಂತುಬಿಡುತ್ತೆ."

ಮೇಷ್ಟ್ರ ಮುಖದಲ್ಲಿ ನಿಜವಾದ ಚಿಂತೆ ಕಾಣಿಸಿತು. "ಭಾನುವಾರ ಬಂದು ನೋಡ್ತೀನಿ. ಬೇರೆ ಯಾವುದಾದ್ರೂ ಹಾಕೋಣ," ಎಂದು ಹೇಳಿ ಹತ್ತಿಹೋದರು. ಅವಳು ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡು, ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತಳು. ಖುಷಿಯಾಗಿತ್ತು. ನಾಚಿಕೆಯೂ ಆಗಿತ್ತು. ಖುಷಿ ತುಸು ಹೆಚ್ಚು.

ಅವರು ನಿಜವಾಗಿ ಮೇಷ್ಟ್ರಲ್ಲ, ಸಾರ್ವಜನಿಕ ಗ್ರಂಥಾಲಯದ ನೌಕರ. ಅಲ್ಲಿನ ಹಿಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರ್‌ಗಳನ್ನು ಸಾಲಾಗಿಟ್ಟು, ವಯಸ್ಸಾದವರಿಗೆ ಸಂಜೆ ಹೊತ್ತು ಕಂಪ್ಯೂಟರ್ ಕಲಿಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಅವಳೂ ಎದುರಿಗೆ "ಮೇಷ್ಟ್ರೇ" ಎಂದೇ ಕರೆಯುತ್ತಿದ್ದಳು. ಮನಸ್ಸಿನಲ್ಲಿ ಮಾತ್ರ ಏಕವಚನಕ್ಕೆ ಇಳಿದು ಬಹಳ ದಿನವಾಗಿತ್ತು. ನಾವೂ ಅವಳ ಜೊತೆಗೇ ಇಳಿಯೋಣ, ಅವನೇನೂ ತಪ್ಪು ತಿಳಿಯುವವನಲ್ಲ.

ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುತ್ತಾ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?" ಎಂದು ಇಡೀ ದಿನ ಕೇಳುವುದು. ಅಕ್ಷರ ಕಾಣದಿದ್ದರೂ ಮರ್ಯಾದೆಗೆ ಅಂಜಿ ಕಾಣುತ್ತೆ ಎನ್ನುವವರನ್ನು ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದುಬಿಡುತ್ತಿದ್ದಳು. ಅಂಥವಳ ಮಾತನ್ನು ಅವನು ಕಣ್ಣು ಮುಚ್ಚಿ ನಂಬುತ್ತಿದ್ದ. ಯಾವುದು ಸರಿ, ಯಾವುದು ಸರಿಯಿಲ್ಲ ಎಂದು ಹೇಳುವುದೇ ಅವಳ ವೃತ್ತಿಯಲ್ಲವೆ?

ಇದೆಲ್ಲ ಶುರುವಾದದ್ದು ಅಮ್ಮನ ಹಳೆಯ ಫೋಟೋಗಳಿಂದ. ಅಮ್ಮ ಒಂದು ಡಬ್ಬಿ ತುಂಬ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದಳು. ಬಹುಪಾಲು ಅಮ್ಮನ ತಮ್ಮ ತೆಗೆದವು. ಮಾವ ಕೈಯಲ್ಲಿ ಕ್ಯಾಮೆರಾ ಹಿಡಿದರೆ ಒಂದೋ ಮನೆ ವಾಲುತ್ತಿತ್ತು, ಇಲ್ಲವೇ ಮೂಲೆಯಲ್ಲಿ ಅವನ ಹೆಬ್ಬೆರಳು ಬಂದು ಕೂರುತ್ತಿತ್ತು. ಅಪ್ಪ ನಗುತ್ತಿರುವ ಒಂದೇ ಒಂದು ಫೋಟೋದಲ್ಲೂ ಹೆಬ್ಬೆರಳು ಹಾಜರು. "ಇದನ್ನು ತೆಗೆದು ಹಾಕೋಕೆ ಏನಾದ್ರೂ ಇದೆಯಾ ಕೇಳು, ನಮ್ಮ ಲ್ಯಾಪ್‌ಟಾಪ್ ಜೀವ ತೆಗೆಯದಂಥದ್ದು," ಎಂದು ಅಮ್ಮ ಹೇಳಿದ್ದಳು. ಕ್ಲಾಸಿಗೆ ದಿನವೂ ಹೋಗುವ ಅಮ್ಮ ತಾನೇ ಕೇಳಬಹುದಿತ್ತು. ಮಗಳನ್ನೇ ಯಾಕೆ ಕಳಿಸಿದಳೋ ಅವಳಿಗೇ ಗೊತ್ತು.

ಮೊದಲ ಭಾನುವಾರ ಅವನು ಬಂದು, ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ವಯಸ್ಸಾಗಿದೆ. ಭಾರ ಹೊರಿಸಬಾರದು," ಎಂದಿದ್ದ.

"ಮನೆಗೆ ಬೇಕಾಗಿರೋದು ನಾಲ್ಕೇ ಕೆಲಸ ರೀ. ಕತ್ತರಿಸೋದು, ವಾಲಿದ್ದನ್ನು ನೇರ ಮಾಡೋದು, ಬೆಳಕು ಹೆಚ್ಚು ಕಡಿಮೆ ಮಾಡೋದು, ಕೆಂಪು ಕಣ್ಣು ತೆಗೆಯೋದು. ಮಿಕ್ಕಿದ್ದೆಲ್ಲ ಸ್ಟುಡಿಯೋದವರಿಗೆ. ಇಂಟರ್ನೆಟ್ ಇಲ್ಲದೆ ತೆರೆಯಬೇಕು, ಅಕೌಂಟ್ ಮಾಡಿ ಅಂತ ಪ್ರಾಣ ತಿನ್ನಬಾರದು. ಮೂಲ ಫೋಟೋ ಮುಟ್ಟದೆ ಬೇರೆ ಪ್ರತಿ ಉಳಿಸಬೇಕು. ಅಷ್ಟಿದ್ರೆ ಸಾಕು."

ಇಷ್ಟನ್ನು ಹೇಳುವಾಗ ಅವನು ಅವಳ ಕಡೆ ನೋಡಲೇ ಇಲ್ಲ. ಪರದೆಯ ಮೇಲಿನ ಗೋಡೆ ನೇರವಾಯಿತೇ ಎಂದು ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದ. ಹಾಗೆ ಕಣ್ಣು ಮುಚ್ಚಿದಾಗ ಕೆನ್ನೆಯ ಒಂದು ಬದಿ ಮಾತ್ರ ನಕ್ಕಂತೆ ಕಾಣುತ್ತಿತ್ತು. ಅವಳು ಆ ಬದಿಯಲ್ಲೇ ಕುಳಿತಿದ್ದಳು, ಏಳಲಿಲ್ಲ. ಅವನು ಹಾಕಿಕೊಟ್ಟ ಸಾಫ್ಟ್‌ವೇರ್ ಕ್ಲಿಕ್ ಮಾಡಿದ ತಕ್ಷಣ ತೆರೆಯುತ್ತಿತ್ತು. ಮರುದಿನಕ್ಕೆಲ್ಲ ಅವಳಿಗೆ ಅದು ನೀರು ಕುಡಿದಷ್ಟು ಸುಲಭವಾಯಿತು. ಕಷ್ಟವಾದದ್ದು ಅದೇ.

ಎರಡನೆಯ ಭಾನುವಾರ ಅವನು ಇನ್ನೊಂದನ್ನು ತಂದ. "ಮೊದಲನೆಯದು ಇರಲಿ, ಅದು ಜಾಗವೇ ತಿನ್ನಲ್ಲ," ಎಂದು ಹೇಳಿ ಅದರ ಪಕ್ಕದಲ್ಲೇ ಹಾಕಿಕೊಟ್ಟ. ಅದು ಪ್ರತಿ ಸಲವೂ ಪಾಸ್‌ವರ್ಡ್ ಕೇಳುತ್ತಿತ್ತು, ಆದ್ದರಿಂದ ದೂರು ಹೇಳಲು ಸುಳ್ಳೇ ಬೇಕಾಗಲಿಲ್ಲ. ಮೂರನೆಯದರಲ್ಲಿ ಎಷ್ಟು ಬಟನ್ ಇದ್ದವೆಂದರೆ ಫೋಟೋ ಕಾಣಲು ಜಾಗವೇ ಇರಲಿಲ್ಲ, ಲ್ಯಾಪ್‌ಟಾಪಿನ ಫ್ಯಾನ್ ಮಿಕ್ಸಿಯಂತೆ ಕೂಗಿತು. ಅಮ್ಮ ಕಾಫಿ ತಂದಿಟ್ಟು, "ಪಾಪ, ಎಷ್ಟು ಕಷ್ಟಪಡ್ತೀರಪ್ಪ!" ಎಂದು ಮಗಳ ಮುಖ ನೋಡಿ ಒಳಗೆ ಹೋದಳು.

ಆ ದಿನ ಅವನ ಕನ್ನಡಕ ಮೂಗಿನ ಮೇಲೆ ಓರೆಯಾಗಿ ಕೂತಿತ್ತು. ಅವಳಿಗೆ ತಡೆಯಲಾಗಲಿಲ್ಲ.

"ಕೊಡಿ ಇಲ್ಲಿ. ಫೋಟೋ ನೇರ ಮಾಡೋರ ಕನ್ನಡಕವೇ ಸೊಟ್ಟಗಿದೆ."

ಅವನು ತೆಗೆದುಕೊಟ್ಟ. ಕನ್ನಡಕವಿಲ್ಲದ ಆ ಮುಖ ತೀರ ಎಳೆಯದಾಗಿ, ಏನನ್ನೋ ಹುಡುಕುವಂತೆ ಇತ್ತು. ಅವಳು ಕಡ್ಡಿಯನ್ನು ಬೆರಳಲ್ಲೇ ಬಗ್ಗಿಸಿ, ಬಾಗಿ, ಎರಡೂ ಕಿವಿಯ ಹಿಂದೆ ತಾನೇ ಕೂರಿಸಿದಳು. ದಿನವೂ ಎಷ್ಟೋ ಜನರಿಗೆ ಮಾಡುವ ಕೆಲಸ. ಇವತ್ತು ಮಾತ್ರ ಕೂರಿಸಿದ ಮೇಲೂ ಕೈ ತೆಗೆಯಲು ತುಸು ತಡಮಾಡಿದಳು.

"ಈಗ ಕಾಣುತ್ತಾ?"

"ಕಾಣುತ್ತೆ," ಎಂದ ಅವನು. ನೋಡುತ್ತಿದ್ದದ್ದು ಪರದೆಯನ್ನಲ್ಲ. ಮರುಕ್ಷಣವೇ ಕಿವಿ ಕೆಂಪಾಗಿ, "ಇದೂ ಭಾರ ಆಯ್ತು ರೀ, ಮುಂದಿನ ವಾರ ಬೇರೆ ತರ್ತೀನಿ," ಎಂದು ಎದ್ದೇಬಿಟ್ಟ.

ಹೀಗೇ ನಡೆಯುತ್ತಿತ್ತೋ ಏನೋ. ಒಂದು ಶುಕ್ರವಾರ ಅಮ್ಮ ಕ್ಲಾಸಿನಿಂದ ಬಂದವಳೇ ಕೈಚೀಲವನ್ನು ಮೇಜಿನ ಮೇಲೆ ದಪ್ಪನೆ ಇಟ್ಟಳು.

"ನಾಳೆಯಿಂದ ಫೋಟೋ ಪಾಠ ಇಲ್ವಂತೆ."

"ಯಾಕಮ್ಮ?"

"ಯಾಕೆ ಅಂತ ನನ್ನ ಕೇಳ್ತೀಯಾ? ಕ್ಲಾಸಿನ ಕಂಪ್ಯೂಟರ್‌ನಲ್ಲಿ ಇರೋದೂ ಆ ಮೊದಲನೆಯ ಸಾಫ್ಟ್‌ವೇರೇ. 'ಒಬ್ರು ಬಹಳ ನಂಬಿಕಸ್ಥರು ಅದು ಹ್ಯಾಂಗ್ ಆಗುತ್ತೆ ಅಂದಿದಾರೆ. ನಿಮ್ಮ ಫೋಟೋಗಳು ಹಾಳಾದ್ರೆ ನಾನು ಎಲ್ಲಿಂದ ತಂದುಕೊಡ್ಲಿ? ನಾಳೆ ಎಲ್ಲಾ ಅಳಿಸಿ ಹಾಕ್ತೀನಿ, ಇನ್ನು ಟೈಪಿಂಗ್ ಕಲಿಯೋಣ' ಅಂದ್ರು. ನಮ್ಮ ಕ್ಲಾಸಿನ ರೈಲು ತಾತ ಅಂತೂ ಅಳೋದೊಂದು ಬಾಕಿ. ತೀರಿಹೋದ ಹೆಂಡತಿ ಫೋಟೋಗಳನ್ನ ಅರ್ಧ ಸರಿ ಮಾಡಿಟ್ಟಿದಾರೆ."

ಅವಳು ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು.

"ನಂಬಿಕಸ್ಥರಂತೆ!" ಎಂದಳು ಅಮ್ಮ. "ನೀನು ಅಂಗಡಿಗೆ ಹೋದ ಮೇಲೆ ನಾನು ಅದರಲ್ಲೇ ಕೂತು ನಿನ್ನ ಮಾವನ ಹೆಬ್ಬೆರಳೆಲ್ಲ ಕತ್ತರಿಸಿ ಮುಗಿಸಿದೀನಿ. ಒಂದು ದಿನ ನಿಂತಿದ್ರೆ ಕೇಳು. ಅಲ್ಲಿ ನನ್ನ ನಾಲಿಗೆ ತುದಿಗೇ ಬಂದಿತ್ತು. ಬಾಯಿ ಬಿಡಲಿಲ್ಲ. ನಿನ್ನ ಸುಳ್ಳು, ನೀನೇ ತೊಳ್ಕೋ."

"ಭಾನುವಾರ ಬಂದಾಗ ಹೇಳ್ತೀನಮ್ಮ."

"ಬರಲ್ವಂತೆ. ಹೊರಗೆ ಬರುವಾಗ ಹೇಳಿದ್ರು, 'ನಿಮ್ಮ ಮಗಳ ಭಾನುವಾರವನ್ನೆಲ್ಲ ಹಾಳು ಮಾಡಿದೆ, ನನ್ನಿಂದ ಆಗ್ತಿಲ್ಲ, ಯಾರಾದ್ರೂ ಸ್ಟುಡಿಯೋದವರಿಗೆ ತೋರಿಸಿ' ಅಂತ." ಅಮ್ಮನ ದನಿ ಸ್ವಲ್ಪ ಇಳಿಯಿತು. "ಮುಖ ಸಣ್ಣದಾಗಿತ್ತು ಕಣೇ."

ಅವನು ಬರಲೆಂದು ಹೇಳಿದ ಸುಳ್ಳೇ ಅವನನ್ನು ಬರದಂತೆ ಮಾಡಿತ್ತು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಆ "ನನ್ನಿಂದ ಆಗ್ತಿಲ್ಲ" ಎನ್ನುವ ಮಾತು. ಎಲ್ಲ ಬಲ್ಲವನು ತನಗೆ ಏನೂ ಬಾರದೆಂದು ತಾನೇ ಅಂದುಕೊಳ್ಳುವ ಹಾಗೆ ಮಾಡಿದ್ದಳು. ಫೋನ್ ಮಾಡಿದರೆ ಸಾಲದು ಎನ್ನಿಸಿತು.

ಶನಿವಾರ ಅಂಗಡಿಯ ಯಜಮಾನರಲ್ಲಿ ಅರ್ಧ ದಿನದ ರಜೆ ಕೇಳಿ, ಗ್ರಂಥಾಲಯಕ್ಕೆ ಓಡಿದಂತೆಯೇ ಬಂದಳು. ಹಿಂದಿನ ಕೋಣೆಯಲ್ಲಿ ಅಜ್ಜ ಅಜ್ಜಿಯರೆಲ್ಲ ಕೈಕಟ್ಟಿ ಕುಳಿತಿದ್ದರು. ಅವನು ರೈಲು ತಾತನ ಕಂಪ್ಯೂಟರಿನ ಮುಂದೆ ಬಾಗಿ, ಅಳಿಸುವ ಬಟನ್ ಹುಡುಕುತ್ತಿದ್ದ. ರೈಲು ಓಡಿಸಿ ನಿವೃತ್ತರಾದ ತಾತ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದರು. ಅಮ್ಮ ಎರಡನೆಯ ಸಾಲಿನಲ್ಲಿದ್ದಳು, ಮಗಳನ್ನು ನೋಡಿಯೂ ನೋಡದ ಹಾಗೆ.

"ಅಳಿಸಬೇಡಿ," ಎಂದಳು ಬಾಗಿಲಲ್ಲೇ.

ಅವನು ತಿರುಗಿದ. "ಅಯ್ಯೋ, ನೀವಾ? ಏನಾಯ್ತು?"

"ಅದು ಹ್ಯಾಂಗ್ ಆಗಿಲ್ಲ."

"ಈಗ ಸರಿ ಹೋಯ್ತಾ?"

"ಯಾವತ್ತೂ ಆಗಿಲ್ಲ ಮೇಷ್ಟ್ರೇ. ಒಂದು ಸಲವೂ."

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. "ಹಾಗಾದ್ರೆ ಮೆಮೊರಿ ಕಡಿಮೆಯಾಗಿ ನಿಂತ ಹಾಗೆ ಕಂಡಿರ್ಬೇಕು. ಕೆಲವು ಸಲ ಏನಾಗುತ್ತೆ ಅಂದ್ರೆ..."

"ಮೆಮೊರಿ ಅಲ್ಲ ರೀ! ನಾನು. ನಾನು ಸುಳ್ಳು ಹೇಳಿದ್ದು."

ರೈಲು ತಾತ ಕಿವಿಯ ಯಂತ್ರವನ್ನು ಸರಿಮಾಡಿಕೊಂಡರು. ಅಲ್ಲಿದ್ದ ಎಲ್ಲರಿಗೂ ಆ ಕ್ಷಣದಲ್ಲೇ ಅರ್ಥವಾಯಿತು, ಅವನೊಬ್ಬನನ್ನು ಬಿಟ್ಟು.

"ಯಾಕೆ?" ಎಂದ. ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು ದನಿಯಲ್ಲಿ. "ನಿಮಗೆ ಕೊಡೋ ಮುಂಚೆ ಒಂದೊಂದನ್ನೂ ನನ್ನ ಹಳೇ ಕಂಪ್ಯೂಟರ್‌ನಲ್ಲಿ ವಾರವಿಡೀ ನಡೆಸಿ ನೋಡ್ತಿದ್ದೆ. ನನ್ನತ್ರ ಚೆನ್ನಾಗಿ ಓಡೋದು ನಿಮ್ಮತ್ರ ಯಾಕೆ ನಿಲ್ಲುತ್ತೆ ಅಂತ ತಲೆ ಕೆಡಿಸ್ಕೊಂಡೆ. ಇಷ್ಟು ವರ್ಷ ಇವರಿಗೆಲ್ಲ ಏನು ಕಲಿಸ್ದೆ ನಾನು ಅಂತ ಅನ್ನಿಸೋಕೆ ಶುರುವಾಗಿತ್ತು."

"ಚೆನ್ನಾಗಿದೆ ಅಂದಿದ್ರೆ ನೀವು ಮತ್ತೆ ಮನೆಗೆ ಬರ್ತಿದ್ರಾ?"

ಅವನು ಪ್ರಾಮಾಣಿಕ, ಯೋಚಿಸಿಯೇ ಉತ್ತರಿಸಿದ. "ಇಲ್ಲ."

"ಅದಕ್ಕೇ."

ಕೊನೆಗೂ ಅವನಿಗೆ ಹೊಳೆಯಿತು, ಮೌಸಿನ ಮೇಲಿದ್ದ ಕೈ ತೆಗೆದ. ಮುಂದಿನ ಸಾಲಿನಲ್ಲಿದ್ದ ಹೊಲಿಗೆ ಟೀಚರ್ ಅಜ್ಜಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಅವಳು ತಲೆ ತಗ್ಗಿಸಲಿಲ್ಲ. "ನನ್ನದು ತಪ್ಪು. ನಿಮ್ಮನ್ನ ದಡ್ಡರನ್ನಾಗಿ ಮಾಡಬೇಕು ಅಂತ ಇರಲಿಲ್ಲ. ನೀವು ಮೊದಲನೇ ದಿನ ಆರಿಸಿಕೊಟ್ಟಿದ್ದೇ ಸರಿಯಾಗಿತ್ತು. ಇವರ ಪಾಠ ನಿಲ್ಲಿಸಬೇಡಿ," ಎಂದು ಕೊನೆಯ ಬೆಂಚಿನಲ್ಲಿ ಹೋಗಿ ಕುಳಿತಳು.

ಅವನು ತಾತನ ಕಂಪ್ಯೂಟರಿನಲ್ಲಿ ಅದೇ ಸಾಫ್ಟ್‌ವೇರ್ ತೆರೆದು, "ಎಲ್ಲಿಗೆ ನಿಲ್ಲಿಸಿದ್ವಿ?" ಎಂದು ಕೇಳಿ ಪಾಠ ಶುರುಮಾಡಿದ. ಪಾಠ ಮುಗಿಯುವವರೆಗೂ ಅವಳ ಕಡೆ ಒಮ್ಮೆಯೂ ತಿರುಗಲಿಲ್ಲ. ಎಲ್ಲರೂ ಹೊರಟಾಗ ಅಮ್ಮ, "ನನಗೆ ಅಂಗಡಿಯಲ್ಲಿ ಕೆಲಸ ಇದೆ," ಎಂದು ಯಾವ ಅಂಗಡಿಯೆಂದೂ ಹೇಳದೆ ಮುಂದೆ ನಡೆದುಬಿಟ್ಟಳು.

ಇಬ್ಬರೂ ಮನೆಯ ಕಡೆಗೆ ಹೆಜ್ಜೆ ಹಾಕಿದರು. ಬಸ್‌ಸ್ಟಾಪ್ ದಾಟಿದರು.

"ನನಗೆ ಸಿಟ್ಟು ಬಂದಿದೆ," ಎಂದ.

"ಬರಲೇಬೇಕು."

"ಇನ್ನೂ ಸ್ವಲ್ಪ ಹೊತ್ತು ಇರುತ್ತೆ."

"ಇರಲಿ. ಕಾಯ್ತೀನಿ."

ಇನ್ನಷ್ಟು ದೂರ ನಡೆದ ಮೇಲೆ ಅವನೇ ಮತ್ತೆ ಶುರುಮಾಡಿದ. "ಶನಿವಾರವೇ ಶರ್ಟಿಗೆ ಇಸ್ತ್ರಿ ಹಾಕಿ ಇಡ್ತಿದ್ದೆ ನಾನು. ಸಾಫ್ಟ್‌ವೇರ್ ಹಾಕೋಕೆ ಇಸ್ತ್ರಿ ಶರ್ಟ್ ಯಾಕೆ ಬೇಕು, ನೀವೇ ಹೇಳಿ."

ಅವಳು ಗಕ್ಕನೆ ನಿಂತಳು. "ಹಾಗಿದ್ರೆ ಬರಲ್ಲ ಅಂತ ಅಮ್ಮನ ಹತ್ರ ಯಾಕೆ ಹೇಳಿದ್ರಿ?"

"ನಿಮಗೆ ಬೇಕಾದ ಕೆಲಸ ನನ್ನಿಂದ ಆಗ್ತಿಲ್ಲ. ಆದ್ರೂ ಬಂದು ಕೂತು, ಕಾಫಿ ಕುಡಿದು, ನಿಮ್ಮ ಮುಖ ನೋಡಿ ಹೋಗ್ತಿದೀನಿ. ಅದು ಮೋಸ ಅನ್ನಿಸ್ತು."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು, ಯಾವುದನ್ನು ಮೊದಲು ತಡೆಯಬೇಕೆಂದು ತಿಳಿಯಲಿಲ್ಲ. ಇಷ್ಟು ದಿನ ಈ ಮನುಷ್ಯನನ್ನು ಇಷ್ಟಪಟ್ಟಿದ್ದಳು. ಪ್ರೀತಿಸುತ್ತಿದ್ದೇನೆ ಎಂದು ಆಗ ಗೊತ್ತಾಯಿತು. ಎದುರಿಗೆ ಕೆಂಪು ದೀಪ ಬಿದ್ದು, ಇಬ್ಬರೂ ರಸ್ತೆಯಂಚಿನಲ್ಲಿ ನಿಂತರು.

"ನಾಳೆ ಭಾನುವಾರ," ಎಂದಳು.

"ಏನಂತ ಹೇಳ್ಕೊಂಡು ಬರಲಿ? ನಿಮ್ಮ ಕಂಪ್ಯೂಟರಿಗೆ ಏನೂ ಆಗಿಲ್ಲವಲ್ಲ."

"ನನ್ನನ್ನ ನೋಡೋಕೆ ಅಂತ ಹೇಳ್ಕೊಂಡು ಬನ್ನಿ. ಅಮ್ಮ ಬಾಗಿಲು ತೆಗೆದ್ರೂ ಅದನ್ನೇ ಹೇಳಿ."

ಅವನು ಸಿಗ್ನಲ್ ದೀಪವನ್ನೇ ನೋಡುತ್ತಾ ಕೇಳಿದ, "ಇವತ್ತೇ ಹೇಳಬಹುದಾ? ನಾಳೆವರೆಗೂ ನನಗೆ ಧೈರ್ಯ ಇರುತ್ತೋ ಇಲ್ವೋ."

ದೀಪ ಹಸಿರಾಯಿತು. ಅವಳು ಅವನ ಕೈ ಹಿಡಿದುಕೊಂಡೇ ರಸ್ತೆ ದಾಟಿಸಿದಳು.