ಐದನೆಯ ಅನುಮತಿ

ನನ್ನ ಗಂಡ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸ್. ಹಗಲೆಲ್ಲ ಇವರೊಬ್ಬರೇ ಮನೆಯಲ್ಲಿ. ನಾನು ನನ್ನ ಟೈಲರಿಂಗ್ ಅಂಗಡಿಯಲ್ಲಿ ಹೊಟ್ಟೆ ಉರಿಸಿಕೊಂಡು ಕೂತಿರುತ್ತೇನೆ. ಸುಳ್ಳೇಕೆ ಹೇಳಲಿ, ನನ್ನದು ಸಂಶಯದ ಜೀವ. ಮನೆಯ ಮಾತೆಲ್ಲ ನನ್ನ ಫೋನಿನಲ್ಲಿ ಕೇಳಿಸುವಂಥ ಒಂದು ಆ್ಯಪ್ ಅನ್ನು ಇವರ ಫೋನಿಗೆ ಗುಟ್ಟಾಗಿ ಹಾಕಿದೆ. ಆ್ಯಪ್ ಸ್ಟೋರಿನಲ್ಲೇ ಇತ್ತು, ಲಕ್ಷ ಜನ ಮೆಚ್ಚಿದ್ದರು, ಇನ್ನೇನು ನೋಡಬೇಕು? ಅದು ಕೇಳಿದ್ದಕ್ಕೆಲ್ಲ ಓದದೆಯೇ ಐದು ಸಲ ‘ಅನುಮತಿಸಿ’ ಒತ್ತಿದೆ.

ಮರುದಿನ ಮಧ್ಯಾಹ್ನ ಅಂಗಡಿಯಿಂದಲೇ ನನ್ನ ಫೋನಿನಲ್ಲಿ ಕಿವಿಗೊಟ್ಟೆ. ಮನೆಯ ಹೊಲಿಗೆ ಮೆಷಿನ್ ಓಡುತ್ತಿತ್ತು.

“ಸಾಕು ಬಾರೇ, ಎಷ್ಟು ಹೊಲೀತೀಯ,” ಎಂದರು ಇವರು. ನನ್ನ ಜೊತೆ ಅಷ್ಟು ಮೆತ್ತಗೆ ಮಾತಾಡಿ ವರ್ಷಗಳಾಗಿದ್ದವು. ಯಾರೋ ಒಬ್ಬಳು ನಕ್ಕಳು.

ಅಂಗಡಿ ಬಾಗಿಲು ಹಾಕಿ ಮನೆಗೆ ಓಡಿದೆ. ಇವರು ಒಬ್ಬರೇ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ, ಯಾರವಳು ಎಂದು ಕೇಳಿದೆ.

“ಈಗ ನಿನ್ ಜೊತೇನೇ ಅಲ್ವೇನೇ ಮಾತಾಡಿದ್ದು?” ಎಂದರು.

ಮೆಷಿನ್ ಮುಂದಿನ ಸ್ಟೂಲು ಬೆಚ್ಚಗಿತ್ತು. ನಾನು ಅರ್ಧಕ್ಕೆ ಬಿಟ್ಟಿದ್ದ ಅಂಗಿ ಪೂರ್ತಿಯಾಗಿತ್ತು. ಹೊಲಿಗೆ ನನ್ನದಕ್ಕಿಂತ ಚೆನ್ನಾಗಿತ್ತು.

ಆ್ಯಪ್ ಅಳಿಸುವ ಮೊದಲು ಕೊಟ್ಟ ಅನುಮತಿಗಳ ಪಟ್ಟಿ ತೆರೆದೆ. ಮೈಕ್, ಕ್ಯಾಮೆರಾ, ಲೊಕೇಶನ್, ಕಾಂಟ್ಯಾಕ್ಟ್ಸ್. ನಾಲ್ಕನ್ನೂ ವಾಪಸ್ ತೆಗೆದುಕೊಂಡೆ. ಐದನೆಯದು ಪಟ್ಟಿಯಲ್ಲೇ ಇರಲಿಲ್ಲ.