ಮೂರು ಎಂದವರು ಯಾರು

ಮಗಳನ್ನು ಗವಿಯಿಂದ ಹೊರಗೆ ತರಬೇಕು, ಮಳೆ ಹಿಡಿಯುವುದಕ್ಕೆ ಮೊದಲೇ ತರಬೇಕು, ಇಷ್ಟೇ ಕೆಲಸ ಎಂದು ಅತ್ತಿಗೆ ಹಗ್ಗದ ಸುರುಳಿಯನ್ನು ಮೇಜಿನ ಮೇಲೆ ಒಗೆದಳು. ಮಗಳು ಸತ್ತು ವರ್ಷವಾಗಿತ್ತು. ಹೆಣ ಇನ್ನೂ ಗವಿಯ ಕೊನೆಯ ಕೊಳದಲ್ಲೇ ಇತ್ತು. ಈ ಬೇಸಿಗೆಯಲ್ಲಿ ಅಲ್ಲಿನ ನೀರು ಎಂದೂ ಇಲ್ಲದಷ್ಟು ಇಳಿದಿದೆ ಎಂಬ ಸುದ್ದಿ ಬಂದಾಗಿನಿಂದ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ನಿಜವಾದ ಮೈದುನ ಒಬ್ಬನೇ ಇದ್ದರೂ ಇಡೀ ವರ್ಕ್‌ಶಾಪು ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿತ್ತು. ಕಾರ್ಖಾನೆಗಳ ಎತ್ತರದ ಚಿಮಣಿಗಳೊಳಗೆ ಹಗ್ಗ ಕಟ್ಟಿ ಇಳಿದು ಬಿರುಕು ಮುಚ್ಚುವುದು ಆ ಮನೆಯವರ ಹೊಟ್ಟೆಪಾಡು. ರಜೆ ಸಿಕ್ಕರೆ ಅದೇ ಹಗ್ಗ ಹೊತ್ತು ಗವಿ ಹೊಗುವುದು ಅವರ ಹುಚ್ಚು. ಚಿಮಣಿಯೊಳಗೆ ಮಸಿ ಎದ್ದರೆ ಪಕ್ಕದವರ ಮುಖ ಕಾಣುವುದಿಲ್ಲ. ಹಾಗಾಗಿ ಅವರಲ್ಲಿ ಒಂದು ಪದ್ಧತಿ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಜಾಗ ಬಿಟ್ಟು ಕದಲುವ ಮೊದಲು ಎಲ್ಲರೂ ತಮ್ಮ ತಮ್ಮ ಸಂಖ್ಯೆ ಕೂಗಬೇಕು. ಅತ್ತಿಗೆ ಒಂದು, ಮೈದುನ ಎರಡು, ಮಗಳು ಮೂರು, ಮುಳುಗುಗಾರ ಕಪ್ಪೆ ನಾಲ್ಕು. ಕಪ್ಪೆಗೆ ಆ ಹೆಸರು ಬಂದದ್ದು ಈಜಿನಿಂದಲೋ ಬಾಯಿಯ ಅಗಲದಿಂದಲೋ ಎಂಬುದು ವರ್ಕ್‌ಶಾಪಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಹೋದ ವರ್ಷ ಗವಿಯಿಂದ ವಾಪಸು ಬರುವಾಗ ಹಿಂದೆ ನೀರು ಏರುತ್ತಿತ್ತು. ಹೊಟ್ಟೆಯ ಮೇಲೆ ತೆವಳಿಯೇ ದಾಟಬೇಕಾದ ಇಕ್ಕಟ್ಟಿನ ಕಂಡಿಯನ್ನು ಮೂವರು ದಾಟಿದ್ದರು. ಮಗಳು ಕೆಳಗೆ ಬಿದ್ದ ದೀಪ ಹುಡುಕುತ್ತಾ ಹಿಂದುಳಿದಿದ್ದಳು. ಅತ್ತಿಗೆ ಮುಂದಿನಿಂದ ‘ಒಂದು’ ಎಂದು ಕೂಗಿದಳು. ಮೈದುನ ‘ಎರಡು’ ಎಂದ. ಆಮೇಲೆ, ಹುಡುಗಿ ಹೇಗೂ ಹಿಂದೆಯೇ ಬರುತ್ತಿದ್ದಾಳೆ, ಅತ್ತಿಗೆ ಸುಮ್ಮನೆ ರೇಗುತ್ತಾರೆ ಎಂದುಕೊಂಡು, ದನಿ ಸಣ್ಣ ಮಾಡಿ ‘ಮೂರು’ ಎಂದೂ ಕೂಗಿಬಿಟ್ಟ. ಕಾಲೇಜಿನಲ್ಲಿ ಗೆಳೆಯನ ಹಾಜರಿ ಕೂಗುತ್ತಾರಲ್ಲ, ಅಷ್ಟೇ ಸಲೀಸಾಗಿ. ಕಪ್ಪೆ ‘ನಾಲ್ಕು’ ಎಂದ. ಲೆಕ್ಕ ಸರಿಹೋಯಿತು, ಎಲ್ಲರೂ ಹೊರಟರು. ತಿರುಗಿ ಬರುವಷ್ಟರಲ್ಲಿ ಕಂಡಿಯ ಬಾಯಿಯ ತನಕ ನೀರು ತುಂಬಿತ್ತು, ಅದು ಹುಡುಗಿಯನ್ನು ಒಳಗಿನ ಕೊಳಕ್ಕೆ ಎಳೆದೊಯ್ದಿತ್ತು.

ಅಂದಿನಿಂದ ಅತ್ತಿಗೆಯ ಎಡಗೈ ಸತ್ತುಹೋಗಿತ್ತು. ಬೆರಳು ಆಡುತ್ತಿದ್ದವು, ಸ್ಪರ್ಶ ಮಾತ್ರ ಇಲ್ಲ. ಸೂಜಿ ಚುಚ್ಚಿದರೂ ಗೊತ್ತಾಗದು. ನರಕ್ಕೇನೂ ಆಗಿಲ್ಲ, ಮನಸ್ಸಿನದು ಎಂದು ಡಾಕ್ಟರು ಕೈ ತೊಳೆದುಕೊಂಡರು. ಕಣ್ಣೀರೂ ಬರಲಿಲ್ಲ. ಬಂದದ್ದು ದ್ವೇಷ ಒಂದೇ. ಮೂರು ಎಂದದ್ದು ತಾನೇ ಎಂದು ಮೈದುನ ಅವತ್ತೇ ಒಪ್ಪಿಕೊಂಡಿದ್ದ. ನನ್ನ ಮಗಳನ್ನು ಕೊಂದವನು ಇವನೇ ಎಂದು ಕಂಡಕಂಡವರ ಮುಂದೆ ಮೈದುನನನ್ನು ತೋರಿಸಿದಳು. ಅವನ ಜೊತೆ ಹಗ್ಗ ಹಿಡಿಯಲು ಯಾರೂ ಒಪ್ಪದಂತೆ ಮಾಡಿದಳು. ಅವನ ಹೆಂಡತಿ ತಲೆ ಎತ್ತಿಕೊಂಡು ಓಡಾಡಲಾರದೆ ತವರಿಗೆ ಹೋದವಳು ತಿರುಗಿ ಬರಲಿಲ್ಲ.

“ನಾನ್ಯಾಕೆ ಅತ್ತಿಗೆ?” ಎಂದು ಮೈದುನ ಈಗ ಕೇಳಿದ. “ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗಿ.”

“ಬಿಟ್ಟು ಬಂದವನು ನೀನು. ನೀನೇ ಹೊತ್ಕೊಂಡು ಬಾ.”

ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ತಮ್ಮನ ಕಡೆ ನೋಡಲೂ ಇಲ್ಲ. ಅವನ ಒಂದು ಮೊಣಕಾಲು ಕೆಲಸಕ್ಕೆ ಬಾರದು. ಗವಿಯ ಬಾಯಲ್ಲಿ ಕೂತು ಆಕಾಶ ನೋಡುವುದು, ಹಗ್ಗ ಎಳೆಯುವುದು ಅವನ ಪಾಲಿನ ಕೆಲಸ.

ಬೆಳಕು ಹರಿಯುತ್ತಲೇ ಬೆಟ್ಟ ಹತ್ತಿದರು. ಬೆಟ್ಟದ ಮೈಯೆಲ್ಲ ಸುಣ್ಣದ ಕಲ್ಲು, ನಡುನಡುವೆ ಮೊಣಕಾಲುದ್ದದ ಒಣ ಹುಲ್ಲು. ಕೆಳಗೆ ಕಣಿವೆಯಲ್ಲಿ ಹರಿಯುವ ತೊರೆ ಬೆಟ್ಟದ ಬುಡಕ್ಕೆ ಬಂದು ಹೇಳದೆ ಕೇಳದೆ ನೆಲದೊಳಗೆ ಇಳಿದುಬಿಡುತ್ತದೆ. ಆಮೇಲೆ ಅದು ಎಲ್ಲೆಲ್ಲಿ ಸುತ್ತುತ್ತದೆಂದು ಬಲ್ಲವರಿಲ್ಲ. ಗವಿಯ ಬಾಯಿ ಬಾವಿಯಷ್ಟು ಅಗಲ. ಹತ್ತಿರ ಹೋದರೆ ಒಳಗಿನ ಗಾಳಿ ತಣ್ಣಗೆ ಮುಖಕ್ಕೆ ಬಡಿಯುತ್ತದೆ. ಆಕಾಶದಲ್ಲಿ ಒಂದೇ ಒಂದು ಮೋಡವಿತ್ತು, ಅದೂ ದೂರದಲ್ಲಿ.

“ನೀರು ಕದಡಿದ್ರೆ ಮೇಲೆ ಮಳೆ ಬಂತು ಅಂತ ತಿಳ್ಕೊಳ್ಳಿ,” ಎಂದ ಗಂಡ. “ಆಮೇಲೆ ಏನೇ ಆಗಲಿ, ನಿಲ್ಲಬೇಡಿ.”

ಹಗ್ಗ ಹಿಡಿದು ಇಳಿದರು. ಹೆಣ ತುಂಬುವ ಖಾಲಿ ಚೀಲವನ್ನು ಮೈದುನ ಬೆನ್ನಿಗೆ ಕಟ್ಟಿಕೊಂಡಿದ್ದ. ಅತ್ತಿಗೆ ಅದನ್ನು ಬಿಚ್ಚಿಸಿ ಎದೆಗೆ ಕಟ್ಟಿಸಿದಳು, ದಾರಿಯುದ್ದಕ್ಕೂ ಕಣ್ಣೆದುರಿಗೇ ಇರಲಿ ಎಂದು. ಕಪ್ಪೆ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಅವಳ ಮುಖ ನೋಡಿ ಹಾಗೇ ಮುಚ್ಚಿದ.

ಕಂಡಿಯ ಬಳಿ ಬಂದರು. ಕಪ್ಪೆ ಮೊದಲು ತೆವಳಿದ, ಹಿಂದೆ ಮೈದುನ. ಅತ್ತಿಗೆ ಕೊನೆಗೆ. ಚಾವಣಿಯಲ್ಲೂ ಗೋಡೆಯಲ್ಲೂ ಸಡಿಲ ಬಂಡೆಗಳು ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಕೈಯಿಟ್ಟು, ಕಲ್ಲು ಅಲುಗುತ್ತದೋ ಇಲ್ಲವೋ ಎಂದು ಅಂಗೈಗೆ ಗೊತ್ತಾದ ಮೇಲೆಯೇ ಭಾರ ಹಾಕಬೇಕು. ಬಲಗೈಯಿಂದ ಹಾಗೇ ಮಾಡುತ್ತಾ ಬಂದವಳು ಒಂದು ತಿರುವಿನಲ್ಲಿ ಎಡಗೈ ಊರಿದಳು. ಕಲ್ಲು ಅಲುಗಿತು. ಸತ್ತ ಕೈಗೆ ಅದು ತಿಳಿಯಲಿಲ್ಲ.

ಗಡಗಡ ಸದ್ದು. ಧೂಳು. ಅವಳ ದೀಪ ಒಡೆಯಿತು.

“ಅತ್ತಿಗೆ!”

“ಇದ್ದೀನಿ. ಕೈ ಸಿಕ್ಕಿಕೊಂಡಿದೆ.”

ಮೈದುನ ತಿರುಗಿ ತೆವಳಿ ಬಂದು ದೀಪ ಹಿಡಿದ. ಒಂದು ಬಂಡೆ ಜಾರಿ ಅವಳ ಎಡಗೈಯ ಕೊನೆಯ ಎರಡು ಬೆರಳನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಅವನು ಭುಜ ಕೊಟ್ಟು ನೂಕಿದ. ಚಾವಣಿ ಕರಕರ ಎಂದಿತು, ಪುಡಿಗಲ್ಲು ಸುರಿಯಿತು. ಅವನು ಗಾಬರಿಯಿಂದ ಕೈ ಬಿಟ್ಟ. ಈಗ ಚಾವಣಿಗೆ ಆ ಬಂಡೆಯೇ ಊರುಗೋಲು. ಅದನ್ನು ಎತ್ತಿದರೆ ಎಲ್ಲ ಕುಸಿಯುತ್ತದೆ. ಅವಳು ಅಲ್ಲೇ ಇದ್ದರೆ ದಾರಿಗೆ ಬಿರಡೆ ಹಾಕಿದ ಹಾಗೆ. ಒಳಗಿರುವ ಇಬ್ಬರೂ ಹೊರಗೆ ಹೋಗುವಂತಿಲ್ಲ.

“ನೋವಾಗ್ತಿದೆಯಾ?”

“ಆ ಕೈಗೆಲ್ಲಿ ನೋವು? ನಡಿ, ಮೊದಲು ಅವಳನ್ನ ತಗೊಂಡು ಬಾ. ನನ್ನದು ಆಮೇಲೆ ನೋಡೋಣ.”

“ಕತ್ತಲಲ್ಲಿ ಒಬ್ಬರೇ...”

“ಹೋಗು ಅಂದ್ನಲ್ಲ!”

ಅವನು ಹೋದ. ಬೆಳಕೂ ಅವನ ಜೊತೆ ಹೋಯಿತು.

ಮೊದಲು ಬೆರಳ ತುದಿ ಜುಮ್ಮೆಂದಿತು. ಆಮೇಲೆ ಸಣ್ಣಗೆ ಉರಿ. ಅತ್ತಿಗೆ ಉಸಿರು ಬಿಗಿ ಹಿಡಿದಳು. ವರ್ಷದಿಂದ ಸೂಜಿಗೂ ಬೆಂಕಿಗೂ ಜಗ್ಗದ ಕೈ ನೋಯುತ್ತಿತ್ತು. ಒಂದು ಗಳಿಗೆ ಅವಳಿಗೆ ಖುಷಿಯೇ ಆಯಿತು. ಒಂದೇ ಗಳಿಗೆ. ಕೂಡಿಟ್ಟ ನೋವೆಲ್ಲ ಒಟ್ಟಿಗೆ ಬಂತು. ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಎದೆಗೆ ನುಗ್ಗಿತು. ಕಿರುಚಿದಳು. ಬೈದಳು. ದೇವರನ್ನು ಕರೆದು, ಕರೆದ ತಪ್ಪಿಗೆ ದೇವರನ್ನೂ ಬೈದಳು. ಗಂಟಲು ಕಟ್ಟಿತು. ಬಂಡೆ ಅಲ್ಲಾಡಲಿಲ್ಲ.

ಮನಸ್ಸು ಎಲ್ಲಿಗೋ ಜಾರುತ್ತಿದೆ ಅನಿಸಿದಾಗ, ಅದನ್ನು ಹಿಡಿದು ನಿಲ್ಲಿಸಲು, ಅಭ್ಯಾಸವಿದ್ದದ್ದನ್ನೇ ಮಾಡಿದಳು. “ಒಂದು,” ಎಂದಳು.

ಎರಡು ಎನ್ನಲು ಮೈದುನ ಇರಲಿಲ್ಲ.

“ಮೂರು.”

ಕಿವಿಯ ಪಕ್ಕದಲ್ಲೇ. ಸ್ವಲ್ಪ ಕೀಟಲೆ, ಸ್ವಲ್ಪ ಬೇಸರ ಬೆರೆತ ದನಿ.

“ಯಾರೋ ಅದು?” ಎಂದು ಅವಳು ಕೆರಳಿದಳು. “ಮತ್ತೆ ಅದೇ ಆಟವಾ? ನಾಚಿಕೆ ಆಗಲ್ವೇನೋ ನಿನಗೆ?”

ಆದರೆ ಮೈದುನ ದೂರದ ಕೊಳದ ಬಳಿ ಇದ್ದ. ಅಲ್ಲಿಂದ ಕೂಗಿದರೂ ಇಲ್ಲಿಗೆ ಕೇಳದು.

ಆಮೇಲೆ ಆದದ್ದನ್ನು ಅವಳು ಎಂದೂ ಸರಿಯಾಗಿ ಹೇಳಲಾರದೆ ಹೋದಳು. ಬೆಳಕು ಬರಲಿಲ್ಲ, ರೂಪ ಕಾಣಲಿಲ್ಲ. ಕತ್ತಲೆ ಇದ್ದ ಹಾಗೇ ಇತ್ತು, ಆದರೆ ತಾನು ಎಲ್ಲಿ ಮುಗಿದು ಕಲ್ಲು ಎಲ್ಲಿ ಶುರುವಾಗುತ್ತದೆ ಎಂಬುದು ಅಳಿಸಿಹೋಯಿತು. ನೋವು ಅವಳದಾಗಿ ಉಳಿಯಲಿಲ್ಲ. ಇಡೀ ಬೆಟ್ಟ ನೋಯುತ್ತಿತ್ತು, ನೀರು ನೋಯುತ್ತಿತ್ತು, ಅದರೊಳಗೆ ಅವಳೂ ಒಂದಿಷ್ಟು. ಮಗಳು ಅಲ್ಲಿದ್ದಳು. ಸಮಾಧಾನ ಹೇಳಲು ಬಂದಿರಲಿಲ್ಲ, ದೂರಲೂ ಬಂದಿರಲಿಲ್ಲ. ಇದ್ದಳು, ಅಷ್ಟೇ. ಅತ್ತಿಗೆಯೊಳಗೆ ವರ್ಷದಿಂದ ಗಂಟಾಗಿದ್ದದ್ದು ಸಡಿಲಾಯಿತು. ಶಾಂತಿ ಎಂದರೆ ಹಿತವಾಗಿರುತ್ತದೆ ಎಂದು ನಂಬಿದವರು ಆ ಕಂಡಿಯಲ್ಲಿ ಒಂದು ಗಳಿಗೆ ಮಲಗಿ ಬರಬೇಕು.

ಯಾಕೆಂದರೆ ಗಂಟು ಸಡಿಲಾದಾಗ ಒಳಗಿದ್ದದ್ದು ಹೊರಗೆ ಬಂತು. ಈಗ ಕೇಳಿದ ದನಿ ಮಗಳದೇ, ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಹಾಗಾದರೆ ಹೋದ ವರ್ಷ ಕೇಳಿದ ದನಿ? ಇಪ್ಪತ್ತು ವರ್ಷ ಸಾಕಿದ ಮಗಳ ದನಿಗೂ ಮೈದುನನ ಕಳ್ಳ ದನಿಗೂ ವ್ಯತ್ಯಾಸ ತಿಳಿಯದಷ್ಟು ಕಿವುಡಿಯೇ ತಾನು? ತಿಳಿದಿತ್ತು. ಆ ಕ್ಷಣವೇ ತಿಳಿದಿತ್ತು. ಚಳಿಯಾಗಿತ್ತು, ನೀರಿನ ಭಯವಿತ್ತು, ಹುಡುಗಿ ಯಾವಾಗಲೂ ಹೀಗೇ ತಡ ಮಾಡುತ್ತಾಳೆಂಬ ಸಿಟ್ಟಿತ್ತು. ಲೆಕ್ಕ ಸರಿಹೋಯಿತಲ್ಲ ಎಂದು ಮುಂದೆ ನಡೆದಿದ್ದಳು.

ಎದೆಯ ಕೆಳಗೆ ಹರಿಯುತ್ತಿದ್ದ ನೀರು ಹೆಚ್ಚಾದದ್ದು ಅವಳಿಗೆ ಗೊತ್ತಾದದ್ದು ಮೈದುನನ ದೀಪ ಎದುರಿಗೆ ಬಂದಾಗ. ನೀರು ಕೆಂಪಗೆ ಕದಡಿತ್ತು. ಅವನ ಹಿಂದೆ ಕಪ್ಪೆ ಚೀಲವನ್ನು ಎಳೆದು ತರುತ್ತಿದ್ದ.

“ಸಿಕ್ಕಿದ್ಲು ಅತ್ತಿಗೆ,” ಎಂದ ಮೈದುನ. “ಹಗುರ ಇದ್ದಾಳೆ. ತುಂಬಾ ಹಗುರ.”

“ಮಳೆ ಬಂದಿದೆ,” ಎಂದು ಕಪ್ಪೆ ಹಿಂದಿನಿಂದ ಕೂಗಿದ. “ಕಂಡಿ ತುಂಬುತ್ತೆ! ಬೇಗ!”

“ಬೆರಳು ಕತ್ತರಿಸು,” ಎಂದಳು ಅತ್ತಿಗೆ.

ಮೈದುನ ಹಗ್ಗ ಕೊಯ್ಯುವ ಚಾಕು ತೆಗೆದ. ಅವಳ ಮಣಿಕಟ್ಟಿನ ಮೇಲೆ ದಾರ ಸುತ್ತಿ ಬಿಗಿದ. ಚಾಕು ಹಿಡಿದ ಅವನ ಕೈ ಗಡಗಡ ನಡುಗುತ್ತಿತ್ತು. ಒಂದು ಸಲ ಇಟ್ಟ, ತೆಗೆದ. ಮತ್ತೆ ಇಟ್ಟ.

“ಆಗ್ತಿಲ್ಲ ಅತ್ತಿಗೆ. ನನ್ನ ಕೈಲಿ ಆಗಲ್ಲ.”

ಅವಳು ಅವನ ಮುಖ ನೋಡಿದಳು. ನೀರು ಅವಳ ಗಲ್ಲಕ್ಕೆ ಬಂದಿತ್ತು.

“ಕೇಳು. ಅವತ್ತು ಮೂರು ಅಂದಿದ್ದು ನೀನು ಅಂತ ನನಗೆ ಗೊತ್ತಿತ್ತು. ಆಗಲೇ ಗೊತ್ತಿತ್ತು. ದನಿ ಗುರುತು ಸಿಕ್ಕಿತ್ತು. ಆದ್ರೂ ನಡೆದೆ.”

ಅವನು ಚಾಕು ಕೆಳಗಿಳಿಸಿದ.

“ಒಂದು ವರ್ಷ,” ಎಂದ. “ಒಂದು ವರ್ಷ ಎಲ್ಲರ ಕೈಲೂ ನನ್ನ ಮುಖಕ್ಕೆ ಉಗಿಸಿದ್ರಲ್ಲ. ನನ್ನ ಹೆಂಡತಿ ಮನೆ ಬಿಟ್ಟು ಹೋದ್ಲು. ನಾನು ಎರಡು ಸಲ ಚಿಮಣಿ ಮೇಲೆ ಹತ್ತಿ ಹಗ್ಗ ಬಿಚ್ಚಿಕೊಂಡು ನಿಂತಿದ್ದೆ, ಗೊತ್ತಾ ನಿಮಗೆ?”

“ಗೊತ್ತಿರಲಿಲ್ಲ.”

“ಹೇಳಿದ್ದು ಒಳ್ಳೇದಾಯ್ತು,” ಎಂದ ಮೈದುನ. “ಈಗ ಕೈ ನಡುಗಲ್ಲ.”

ನಡುಗಲೂ ಇಲ್ಲ. ಕಿರುಬೆರಳನ್ನು ಗಿಣ್ಣಿನ ಸಂದಿಯಲ್ಲಿ ಹುಡುಕಿ ಕೊಯ್ದ. ಅವಸರ ಮಾಡಲಿಲ್ಲ, ಕರುಣೆಯನ್ನೂ ತೋರಲಿಲ್ಲ. ಅವಳು ಚಾಕುವಿನ ಪ್ರತಿಯೊಂದು ಎಳೆತವನ್ನೂ ಅನುಭವಿಸಿದಳು. ಮರಗಟ್ಟಿದ್ದ ಕಾಲದಲ್ಲಿ ಇದೇ ಕೈಯನ್ನು ಕೊಯ್ದಿದ್ದರೆ ಸುಮ್ಮನೆ ನೋಡುತ್ತಾ ಕೂತಿರಬಹುದಿತ್ತು. ಜೀವ ಬಂದ ಕೂಡಲೇ ಬೆಲೆ ಕೇಳಿತ್ತು. ಎರಡನೆಯ ಬೆರಳಿಗೆ ಬರುವಷ್ಟರಲ್ಲಿ ಅವಳ ದನಿ ಪೂರ್ತಿ ಹೋಗಿತ್ತು, ಬಾಯಿ ಮಾತ್ರ ತೆರೆದಿತ್ತು.

ಕೈ ಬಿಡುಗಡೆಯಾಯಿತು.

“ಹಿಂದಕ್ಕೆ ತೆವಳಿ!” ಎಂದು ಕಪ್ಪೆ ಅರಚಿದ. “ಹಿಂದಕ್ಕೆ!”

ತೆವಳಿದಳು. ಮೂಗಿನ ಮಟ್ಟಕ್ಕೆ ನೀರು. ಚಾವಣಿಗೂ ನೀರಿಗೂ ನಡುವೆ ಉಳಿದಿದ್ದ ಅಂಗೈಯಗಲದ ಗಾಳಿಗೆ ಮುಖ ಒಡ್ಡುತ್ತಾ, ಕಲ್ಲಿಗೆ ತಲೆ ಜಜ್ಜಿಕೊಳ್ಳುತ್ತಾ ಮೂವರೂ ನುಸುಳಿದರು. ಕೊನೆಯಲ್ಲಿ ಚೀಲ ಒಂದು ಮೊನೆಗೆ ಸಿಕ್ಕಿಕೊಂಡಿತು. ಬಿಟ್ಟುಬಿಡೋಣವೇ ಎಂಬಂತೆ ಕಪ್ಪೆ ನೋಡಿದ. ಮೈದುನ ಮುಳುಗಿದ. ಎಷ್ಟೋ ಹೊತ್ತಾಯಿತು. ಅವನು ಮೇಲೆ ಬಂದಾಗ ಮೂಗಿನಿಂದ ರಕ್ತ ಸುರಿಯುತ್ತಿತ್ತು, ಚೀಲದ ಪಟ್ಟಿ ಹಲ್ಲಿನಲ್ಲಿತ್ತು.

ಮೊದಲು ಚೀಲ ಮೇಲೆ ಹೋಯಿತು, ಆಮೇಲೆ ಅವರು. ಹೊರಗೆ ಮಳೆ ನಿಂತಿತ್ತು, ಇಳಿಬಿಸಿಲು ಬಿದ್ದಿತ್ತು. ಗಂಡ ಚೀಲದ ಪಕ್ಕ ಕೂತು ಅದರ ಮೇಲೆ ಕೈ ಇಟ್ಟಿದ್ದ. ಹೆಂಡತಿಯ ಕೈ ಕಂಡದ್ದೇ ತಡ, ಎದ್ದವನು ಕುಂಟುತ್ತಾ ಬಂದು ತಮ್ಮನ ಕೊರಳಪಟ್ಟಿ ಹಿಡಿದ.

“ಮಗಳು ಸಾಲಲಿಲ್ವೇನೋ ನಿನಗೆ? ಇವಳನ್ನೂ ಕೊಯ್ದೆಯೇನೋ?”

ಮೈದುನ ಬಾಯಿ ಬಿಡಲಿಲ್ಲ. ಹೇಳಬಾರದೆಂದಲ್ಲ, ಅವಳು ಏನು ಮಾಡುತ್ತಾಳೆ ನೋಡೋಣ ಎಂದು ಕಾಯುತ್ತಿದ್ದ. ಅವಳು ಸುಮ್ಮನಿದ್ದರೆ ಮುಗಿಯುತ್ತಿತ್ತು. ಮನೆಯಲ್ಲಿ ಅವಳ ಜಾಗ ಅವಳಿಗಿರುತ್ತಿತ್ತು.

“ಅವನನ್ನ ಬಿಡಿ,” ಎಂದಳು ಅತ್ತಿಗೆ, ಉಳಿದಿದ್ದ ಪಿಸುದನಿಯಲ್ಲಿ. “ಅವತ್ತು ಕೂಗಿದ್ದು ಮಗಳಲ್ಲ ಅಂತ ನನಗೆ ಗೊತ್ತಿತ್ತು ರೀ. ಗೊತ್ತಿದ್ದೇ ಬಿಟ್ಟು ಬಂದೆ.”

ಗಂಡನ ಕೈ ಕೊರಳಪಟ್ಟಿಯಿಂದ ಜಾರಿತು. ಅವನು ಅವಳನ್ನು ನೋಡಿದ, ಯಾರೋ ದಾರಿಹೋಕಳನ್ನು ನೋಡಿದ ಹಾಗೆ. ಒಂದು ವರ್ಷ ಪ್ರತಿ ರಾತ್ರಿ ಅವಳ ತಲೆ ಸವರಿ ಸಮಾಧಾನ ಮಾಡಿದ್ದವನು. ಅವಳು ಚೀಲದ ಹಿಡಿಯ ಕಡೆಗೆ ಬಲಗೈ ಚಾಚಿದಳು.

“ಮುಟ್ಟಬೇಡ,” ಎಂದ ಅವನು. “ನೀನು ಅವಳನ್ನ ಮುಟ್ಟಬೇಡ.”

ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಹಿಡಿದು ಚೀಲ ಎತ್ತಿದರು. ಹೆಜ್ಜೆ ಹೊಂದಿಸಿಕೊಂಡು ಇಳಿಯತೊಡಗಿದರು. ಕಪ್ಪೆ ಅವಳನ್ನು ಕೂರಿಸಿ ಕೈಗೆ ಬಟ್ಟೆ ಸುತ್ತಿದ.

“ನೋಯ್ತಿದೆಯಾ ಅತ್ತಿಗೆ?”

“ತುಂಬಾ,” ಎಂದಳು. ಆ ಮಾತಿನ ಹಿಂದೆಯೇ ಅಳು ಬಂತು. ತಡೆಯಲು ನೋಡಲಿಲ್ಲ. ಮಗಳಿಗಾಗಿ, ಆ ಒಣಕಲು ಮೈದುನನಿಗಾಗಿ, ಎದುರಿಗೆ ಕುಂಟುತ್ತಾ ಇಳಿಯುತ್ತಿದ್ದ ಗಂಡನಿಗಾಗಿ ಬಾಯಿಬಿಟ್ಟು ಅತ್ತಳು. ಅಳುತ್ತಲೇ ಎದ್ದು, ಅವರು ತಿರುಗಿ ನೋಡಿದರೆ ಸಿಟ್ಟಾಗದಷ್ಟು ದೂರ ಬಿಟ್ಟು, ಹಿಂದೆ ನಡೆದಳು. ಮಗಳಂತೂ ಹೊರಗೆ ಬಂದಿದ್ದಳು.