ನನ್ನ ದನಿಯಲ್ಲೇ ಬಂದ ಸುಳ್ಳು

ಹಿಂದೆ ಫ್ಯಾಕ್ಟರಿ ಗುತ್ತಿಗೆದಾರನ ಆಳುಗಳ ಜೀಪು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು. ನಡುವೆ ನನ್ನ ಹಳೇ ಸ್ಕೂಟಿ...

ಜೀಪು ಎರಡು ಸಲ ಗುದ್ದಿತು. ನಾನು ಹೊಲದ ಬದುವಿಗೆ ನುಗ್ಗಿಸಿದೆ. ಅಲ್ಲಿಗೆ ಜೀಪು ಬರಲಾರದು. ಬಚಾವ್!

ನಾನು ಮಮತಾಜ, ಕಾಗವಾಡದವಳು. ನೌಕರಿ ಕಾಗದಗಳಲ್ಲಿ ಏನಿದೆ ಅಂತ ಸರಳವಾಗಿ ಹೇಳಿ, ರೆಕಾರ್ಡ್ ಮಾಡಿ ಕೆಲಸಗಾರರ ಮೊಬೈಲಿಗೆ ಕಳಿಸುತ್ತೇನೆ. ಪಿಎಫ್, ಹಾಜರಿ, ರಾಜೀನಾಮೆ... ಜನ ಅದನ್ನು ಕೇಳಿಯೇ ಸಹಿ ಹಾಕುತ್ತಾರೆ.

ಒಂದೇ ರೂಲು. ಮೊದಲು ಲಕ್ಕವ್ವನಿಗೆ ಕೇಳಿಸಬೇಕು. ಶಿರಗುಪ್ಪಿ ಹತ್ತಿರದ ಸಕ್ಕರೆ ಫ್ಯಾಕ್ಟರಿಯಲ್ಲಿ ಕಸ ಗುಡಿಸುವ ಮುದುಕಿ. ಅವಳು ತನ್ನ ಮಾತಲ್ಲಿ ಸರಿಯಾಗಿ ತಿರುಗಿ ಹೇಳಿದರೆ ಮಾತ್ರ ಕಳಿಸುವುದು. ಅದನ್ನೆಲ್ಲ ನೋಡಿಕೊಳ್ಳುವವನು ಉತ್ತಮ ಅನ್ನುವ ಹುಡುಗ. ರೆಕಾರ್ಡಿಂಗೂ ಅವನದೇ. ನನಗೆ ತಮ್ಮನಿದ್ದಂತೆ.

ಅವತ್ತು ಬೆಳಿಗ್ಗೆ ಅದೇ ಫ್ಯಾಕ್ಟರಿಯ ಕೆಲಸಗಾರನ ಹೆಂಡತಿ ಕೋಮಲ ಫೋನ್ ಮಾಡಿದ್ದಳು.

"ಅಕ್ಕಾರ, ಫ್ಯಾಕ್ಟರ್ಯಾಗ ರಾಜೀನಾಮಿ ಕಾಗದ ಕೊಡಾಕತ್ತಾರ. ಸಹಿ ಹಾಕ್ರಿ ಅಂತ ನೀವ ಹೇಳೀರಂತಲ್ಲ? ನಮ್ಮವ್ರು ಹೋಗ್ಯಾರ."

ನಾನು ಹಾಗೆ ಹೇಳಿರಲಿಲ್ಲ! ತಕ್ಷಣ ಸ್ಕೂಟಿ ಹತ್ತಿ ಫ್ಯಾಕ್ಟರಿಗೆ ಹೊರಟಾಗಲೇ ಆ ಜೀಪು ಬೆನ್ನು ಹತ್ತಿದ್ದು.

ಗೇಟು ಮುಟ್ಟಿದಾಗ ಸಹಿಗೆ ಸಾಲು ನಿಂತಿತ್ತು; ಕೋಮಲಳ ಗಂಡ ಧರೆಪ್ಪನ ಕೈಯಲ್ಲಿ ಪೆನ್ನಿತ್ತು.

"ಧರೆಪ್ಪಣ್ಣಾ, ಪೆನ್ನ ಇಡ್ರಿ. ಸಹಿ ಹಾಕಿದ್ರ ಕೆಲಸ ಹೋಗತೈತಿ."

ಅವನು ಮೊಬೈಲ್ ಒತ್ತಿದ.

"ರಾಜೀನಾಮಿ ಕಾಗದ ಬಂದೈತೇನ್ರಿ? ಇದು ಬರೇ ಹಾಜರಿ ಸಹಿ. ಹೆದರಬ್ಯಾಡ್ರಿ, ಹಾಕ್ರಿ."

ನನ್ನದೇ ದನಿ... ಹಾಜರಿ ಕಾಗದಕ್ಕೆ ಹೇಳಿದ ಮಾತನ್ನು ಕತ್ತರಿಸಿ ಇಲ್ಲಿ ಅಂಟಿಸಿದ್ದರು.

"ಯಾವ ಮಮತಾಜನ್ನ ನಂಬೂಣ್ರಿ?" ಅಂದ ಧರೆಪ್ಪ.

ಲಕ್ಕವ್ವ ಪೊರಕೆ ಹಿಡಿದು ನಿಂತಿದ್ದಳು.

"ಅವ್ವಾ, ಇದನ್ನ ನಿಮಗ ಕೇಳಿಸಿದ್ರೇನ್ರಿ?"

"ಇಲ್ಲವಾ. ಈ ಸಲ ಬ್ಯಾಡ ಅಂತ ನೀನ ಹೇಳೀಯಂತ. ಉತ್ತಮ ಅಂದ."

ಉತ್ತಮನೋ, ಗುತ್ತಿಗೆದಾರನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ.

"ಯಾಕೋ?"

"ನೌಕರಿ ಕೊಟ್ಟಾರಕ್ಕಾ," ಅವನು ಕಪ್ಪನ್ನೇ ನೋಡುತ್ತಿದ್ದ. "ಪರ್ಮನೆಂಟ್."

ಬೈಯಲಿಲ್ಲ. ಟೈಮಿರಲಿಲ್ಲ.

"ಧರೆಪ್ಪಣ್ಣಾ, ನನ್ನನ್ನೂ ನಂಬಬ್ಯಾಡ್ರಿ. ಕಾಗದ ಓದಸ್ರಿ. ಲಕ್ಕವ್ವ ತಿರುಗಿ ಹೇಳಲಿ."

ಗುತ್ತಿಗೆದಾರ ಕಾಗದಕ್ಕೆ ಕೈ ಹಾಕಿದ. ಧರೆಪ್ಪ ಅವನ ಮಣಿಕಟ್ಟು ಹಿಡಿದ, ಬಿಡಲಿಲ್ಲ. ವಾಚಮನ್ ಓದಿದ. ಲಕ್ಕವ್ವ ಕೇಳಿಸಿಕೊಂಡಳು.

"ನಾನಾಗೇ ಕೆಲಸ ಬಿಡ್ತೀನಿ, ಮುಂದ ಏನೂ ಕೇಳೂದಿಲ್ಲ ಅಂತ ಬರದೈತ್ಯೋ, ಧರೆಪ್ಪ."

ಧರೆಪ್ಪ ಪೆನ್ನು ಇಟ್ಟ. ಅವನ ಹಿಂದಿನ ಸಾಲೂ ಚದುರಿತು. ಅವನ ಮುಂದಿದ್ದವರು ಮಾತ್ರ ನನ್ನ ದನಿ ನಂಬಿ ಆಗಲೇ ಸಹಿ ಹಾಕಿದ್ದರು. ಅವರ ಕೇಸು ಇನ್ನೂ ನಡೆಯುತ್ತಿದೆ.

ರೆಕಾರ್ಡಿಂಗ್ ನಿಲ್ಲಿಸಿಲ್ಲ. ಶುರುವಿನ ಮಾತು ಮಾತ್ರ ಬದಲಾಗಿದೆ...

"ನಾನು ಮಮತಾಜ. ನನ್ನ ನಂಬಬ್ಯಾಡ್ರಿ."